ಸಾಲಾಗಿ ನಿಂತ ಹತ್ತು ಗುಂಡಿಗಳು

ರಾತ್ರಿ ಎಂಟೂವರೆಗೆ ಕ್ಯಾಸೆಟ್ ಅಂಗಡಿಯ ಶಟರಿನ ಮೇಲೆ ಮೂರು ಪೆಟ್ಟು ಬಿದ್ದವು.

ಅಂಗಡಿಯ ಮಾಲೀಕ ಚಂದ್ರಶೇಖರ್ ಎದ್ದು ಬಂದ. ಮತ್ತೆ ಮೂರು ಪೆಟ್ಟು. ಶಟರನ್ನು ಅರ್ಧಕ್ಕೆ ಎತ್ತಿದಾಗ ಎದುರಿಗೆ ನಿಂತಿದ್ದವರು ರೇಡಿಯೋ ಮೆಕ್ಯಾನಿಕ್ ಗುಲಾಬ್ ಸಾಬ್. ಸೊರಬದ ಕೊನೆಯ ಬಸ್ಸಿನ ಧೂಳು ಅವರ ಟೋಪಿಯ ಮೇಲಿನ್ನೂ ಇತ್ತು.

"ಸೊರಬದ ಅಂಗಡಿಯವರಿಗೆ ನನ್ನ ಬಗ್ಗೆ ಏನ್ ಹೇಳಿದ್ರಿ ಚಂದ್ರಣ್ಣ? ಒಪ್ಪಿಸಿದ್ದ ಕೆಲಸ ಬೇಡ ಅಂದ್ರು. ಹಿಂಗಾದ್ರೆ ಇನ್ಯಾರು ನನಗೆ ಕೆಲಸ ಕೊಡ್ತಾರೆ?"

"ಇದ್ದದ್ದು ಹೇಳಿದೆ. ನಿಮ್ಮ ಸ್ವಿಚ್ ನಂಬಿ ನಾನು ಕೆಟ್ಟೆ ಅಂತ."

೧೯೯೪ರ ಶಿರಾಳಕೊಪ್ಪದಲ್ಲಿ ಆ ಸ್ವಿಚ್ಚು ವಿಸ್ಮಯವೇ ಆಗಿತ್ತು. ಕಪಾಟಿನಲ್ಲಿ, ಹತ್ತು ಗುಂಡಿಗಳನ್ನು ಮೇಲೆ ಕೆಳಗೆ ಸರಿಸಿ ಹಾಡಿನ ದನಿ ಹದಗೊಳಿಸುವ ಎರಡು ಈಕ್ವಲೈಜರ್‌ಗಳು: ಮೇಲಿನದು ಸ್ಪೀಕರಿಗೆ, ಕೆಳಗಿನದು ಹೆಡ್‌ಫೋನಿಗೆ. ಹೆಡ್‌ಫೋನ್ ಸಿಕ್ಕಿಸಿದೊಡನೆ ಹಾಡು ತಾನಾಗಿ ಕೆಳಗಿನದಕ್ಕೆ ಹರಿಯುತ್ತಿತ್ತು, ಕಿತ್ತೊಡನೆ ಮೇಲಿನದಕ್ಕೆ. ಆದರೆ ಮೂರು ವಾರಗಳಿಂದ, ಶುಕ್ರವಾರ ಬಂತೆಂದರೆ ಸ್ಪೀಕರಿನ ದನಿ ಕೊಡದೊಳಗೆ ಕುಳಿತು ಹಾಡಿದಂತಾಗುತ್ತಿತ್ತು.

"ಯಾರೋ ಗುಂಡಿ ಸರಿಸ್ತಾರೆ ಸಾಬ್ರೇ. ಶುಕ್ರವಾರ ನಮಾಜ್ ಮುಗಿಸಿ ತಪಾಸಣೆ ಅಂತ ಬರೋರು ನೀವೊಬ್ಬರೇ."

"ನಾನೇ ಕಟ್ಟಿದ್ದನ್ನ ನಾನೇ ಕೆಡಿಸ್ಲಾ? ಅಷ್ಟು ಪುರುಸೊತ್ತಿದ್ರೆ ನಮ್ಮನೆ ಫ್ಯಾನಾದ್ರೂ ತಿರುಗೋದು. ಇವತ್ತೂ ಶುಕ್ರವಾರ, ಬೆಳಗಿಂದ ನಾನು ಸೊರಬದಲ್ಲಿ. ಹಚ್ಚಿ ನೋಡ್ರಿ."

ಹಗಲೆಲ್ಲ ಕರೆಂಟಿರಲಿಲ್ಲ, ಈಗಷ್ಟೇ ಬಂದಿತ್ತು; ಯಂತ್ರವನ್ನು ಇವತ್ತು ಯಾರೂ ಹಚ್ಚಿರಲಿಲ್ಲ. ಚಂದ್ರಶೇಖರ್ ಕೈ ಚಾಚುವಷ್ಟರಲ್ಲಿ ಮನೆಯ ಕಡೆಯ ಬಾಗಿಲು ಕಿರುಗುಟ್ಟಿತು. ಅವನ ತಾಯಿ ಬಸವಣ್ಣೆಮ್ಮ ಎರಡು ಲೋಟ ಚಹಾ ಹಿಡಿದು ಬಂದರು.

"ಜಗಳ ಆಮೇಲೆ ಆಡ್ರಪ್ಪ, ಚಾ ಆರತೈತಿ. ಕೈಗೇ ಇಸ್ಕಳ್ರಿ, ಈ ಮಂಡಿನೋವಿಗೆ ಬಗ್ಗಿ ಕೆಳಗಿಡಾಕಾಗಲ್ಲ."

ಹೋಗುವಾಗ, ಗೋಡೆಯ ಮೇಲೆ ವಾಲಿದ್ದ ಕ್ಯಾಲೆಂಡರನ್ನು ನೆಟ್ಟಗೆ ಮಾಡಿ ಹೋದರು.

ಹೆಡ್‌ಫೋನಿನಲ್ಲಿ ಹಾಡು ನಿಚ್ಚಳವಾಗಿತ್ತು. ಕಿತ್ತಾಗ ಟಕ್ ಎಂದಿತು. ಸ್ವಿಚ್ಚು ತನ್ನ ಕೆಲಸ ಮಾಡಿತ್ತು. ಸ್ಪೀಕರಿನಲ್ಲಿ ಅದೇ ಹಾಡು ಕೊಡದೊಳಗೆ ಬಿತ್ತು.

ಗುಲಾಬ್ ಸಾಬ್ ಟಾರ್ಚ್ ಬಿಟ್ಟರು. ಸೋಮವಾರ ಚಂದ್ರಶೇಖರ್ ಕಿವಿಯಿಟ್ಟು ಏರುಪೇರಾಗಿ ನಿಲ್ಲಿಸಿದ್ದ ಮೇಲಿನ ಯಂತ್ರದ ಹತ್ತು ಗುಂಡಿಗಳೂ ಈಗ ಹಗ್ಗ ಹಿಡಿದಂತೆ ಒಂದೇ ಸಾಲಿನಲ್ಲಿದ್ದವು. ಬಗ್ಗಿ ನೋಡಿದರು: ಕೆಳಗಿನ ಯಂತ್ರವನ್ನು ಯಾರೂ ಮುಟ್ಟಿರಲಿಲ್ಲ.

"ಶಟರಿನ ಬೀಗ?"

"ಮುರಿದಿಲ್ಲ. ಕೀಲಿ ನನ್ನ ಹತ್ರಾನೇ ಇರ್ತದೆ."

"ಹಂಗಾದ್ರೆ ಕಳ್ಳ ಶಟರಿಂದ ಬಂದಿಲ್ಲ."

ಟಾರ್ಚಿನ ಬೆಳಕು ಮೇಲಿನ ಯಂತ್ರದ ನೆತ್ತಿಗೆ ಏರಿತು. ಅಲ್ಲಿ ಮೂರು ಬೆರಳಿನ ವಿಭೂತಿ ಪಟ್ಟೆಗಳಿದ್ದವು. ಪ್ರತಿ ಗುಂಡಿಯ ತುದಿಯಲ್ಲೂ ಅದೇ ಬೂದಿಯ ಚುಕ್ಕೆ. ಶುಕ್ರವಾರದ ಪೂಜೆ.

ಚಂದ್ರಶೇಖರನ ಕಣ್ಣು ಗೋಡೆಯ ಮೇಲೆ ಈಗ ನೆಟ್ಟಗಾಗಿದ್ದ ಕ್ಯಾಲೆಂಡರಿನತ್ತ ಹೊರಳಿ ಅಲ್ಲೇ ನಿಂತಿತು.

"ನಾಳೆ ಮೊದಲ ಬಸ್ಸಿಗೇ ಇಬ್ಬರೂ ಸೊರಬಕ್ಕೆ ಹೋಗೋಣ," ಗುಲಾಬ್ ಸಾಬ್ ಚಹಾ ಹೀರಿದರು. "ಅವರೆದುರಿಗೆ ನನ್ನ ಹೆಸರು ತೆಗೆದು ಯಾರ ಹೆಸರು ಹೇಳ್ತೀರಿ ಚಂದ್ರಣ್ಣ?"

ಅವನು ಒಳಬಾಗಿಲಿನ ಕಡೆ ನೋಡಿ, ದನಿ ತಗ್ಗಿಸಿ ಹೇಳಿದ: "ಬಸವಣ್ಣೆಮ್ಮ."