ಗುಳಿಗೆ ನುಂಗುವ ಒಲೆ

ನಾನು ಒಂದು ಒಲೆ. ಮಣ್ಣಿನದಲ್ಲ, ಗ್ಯಾಸಿನದೂ ಅಲ್ಲ. ಮರದ ಹೊಟ್ಟು, ಶೇಂಗಾ ಸಿಪ್ಪೆ ಒತ್ತಿ ಮಾಡಿದ ಸಣ್ಣ ತುಂಡುಗಳನ್ನು ಉರಿಸುವ ಕಬ್ಬಿಣದ ಒಲೆ. ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ ನನ್ನನ್ನು ಬೆಸುಗೆ ಹಾಕಿ ನಿಲ್ಲಿಸಿದರು. ಹೊಟ್ಟೆಯಲ್ಲಿ ತೂತು ತೂತಿನ ಬಟ್ಟಲು, ಅದರ ಕೆಳಗೆ ಗಾಳಿ ಊದುವ ಫ್ಯಾನು, ಬೆನ್ನಿಗೆ ಹೊಗೆ ಹೋಗಲು ಉದ್ದನೆಯ ಪೈಪು. ತೂತುಗಳಲ್ಲಿ ಗಾಳಿ ಆಡುತ್ತಿದ್ದರೆ ಅಡುಗೆಮನೆಗೆ ನಾನು ಹೊಗೆ ಬಿಡುವುದೇ ಇಲ್ಲ. ಇರುವ ಜಂಬ ಅದೊಂದೇ. ಅದನ್ನೂ ಉಳಿಸಿಕೊಳ್ಳಲಾಗಲಿಲ್ಲ, ಬಿಡಿ.

ನನ್ನನ್ನು ಕೊಂಡವರು ಗಜೇಂದ್ರಗಡದ ಅಂದಾನಪ್ಪ. ಬಸ್ ನಿಲ್ದಾಣದ ಹಿಂದೆ ಅವರದೊಂದು ಖಾನಾವಳಿ. ರೊಟ್ಟಿ, ಪಲ್ಯ, ಝುಣಕ ಎಲ್ಲ ಮಾಡುವವಳು ಹೆಂಡತಿ ಕಳಕವ್ವ. ಅವಳು ಸೋಬಾನೆ ಹಾಡುವವಳು ಕೂಡ. ಅವಳ ದನಿ ಇಲ್ಲದೆ ಆ ಊರಿನಲ್ಲಿ ಅರಿಷಿಣದ ಶಾಸ್ತ್ರವೇ ಆಗುತ್ತಿರಲಿಲ್ಲವಂತೆ. ಕಟ್ಟಿಗೆ ಒಲೆಯ ಹೊಗೆ ಕುಡಿದು ಕುಡಿದು ಆ ಗಂಟಲು ಕಟ್ಟಿತ್ತು. ಹೊಗೆ ತಪ್ಪದಿದ್ದರೆ ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಮಗಳು ಸುವರ್ಣಾಳ ಮದುವೆ ಗೊತ್ತಾಗಿತ್ತು. ಊರವರ ಹೆಣ್ಣುಮಕ್ಕಳಿಗೆಲ್ಲ ಹಾಡಿದವಳು ತನ್ನ ಮಗಳಿಗೆ ಹಾಡಬೇಡವೇ? ಆ ದನಿ ಉಳಿಯಲಿ ಎಂದೇ ಅಂದಾನಪ್ಪ ನನ್ನನ್ನು ತಂದದ್ದು.

ಮೊದಲ ದಿನ ಕಳಕವ್ವ ನನ್ನ ಜೊತೆ ಬಂದ ಉರುವಲಿನ ಚೀಲಕ್ಕೆ ಕೈಹಾಕಿ ಒಂದು ತುಂಡು ಎತ್ತಿ ನೋಡಿದಳು.

“ಏನ್ರಿ ಇದು, ಒಲಿಗೆ ಜಡ್ಡ ಬಂದೈತೇನ? ಗುಳಗಿ ನುಂಗತೈತಲ್ಲ.”

ಅಂದಿನಿಂದ ಉಣ್ಣಲು ಬಂದವರಿಗೂ ನಾನು ಗುಳಗಿ ಒಲೆಯೇ ಆದೆ.

ಕಳಕವ್ವನ ಲೆಕ್ಕದಲ್ಲಿ ಒಲೆ ಎಂದ ಮೇಲೆ ಬೆಳಿಗ್ಗೆ ಸಾರಿಸಲೇಬೇಕು. ಸಾರಿಸದೆ ಬೆಂಕಿ ಹಚ್ಚುವುದೆಂದರೆ ಮುಖ ತೊಳೆಯದೆ ಉಂಡಂತೆ. ಬೂದಿ ತೆಗೆದು, ಒದ್ದೆ ಅರಿವೆಯಿಂದ ನನ್ನ ಒಳಗೂ ಹೊರಗೂ ಒರೆಸಿ, ಬಟ್ಟಲಿಗೂ ಒಂದು ಸುತ್ತು ಒದ್ದೆ ಕೈ ಆಡಿಸಿ, ಹಣೆಯ ಮೇಲೆ ವಿಭೂತಿ ಎಳೆಯುತ್ತಿದ್ದಳು. ರೊಟ್ಟಿ ಬಡಿದು ಬಡಿದು ದಡ್ಡುಗಟ್ಟಿದ ಅಂಗೈ ಅದು. ಒರೆಸುವಾಗ ಬಾಯೊಳಗೇ ಏನೋ ಗುನುಗುತ್ತಿದ್ದಳು. ಇಡೀ ದಿನ ಉರಿಯುತ್ತಾ ನಾನು ಮರುದಿನದ ಆ ಹೊತ್ತಿಗೇ ಕಾಯುತ್ತಿದ್ದೆ.

ಆದರೆ ಬೂದಿಗೆ ನೀರು ತಾಗಿದರೆ ಏನಾಗುತ್ತದೆ, ನೀವೇ ಹೇಳಿ. ಬಿಸಿಗೆ ಒಣಗಿ ಗಾರೆಯಾಗುತ್ತದೆ. ತೂತುಗಳು ಒಂದೊಂದಾಗಿ ಮುಚ್ಚಿದವು. ಗಾಳಿ ಸಾಲದ ಉರಿ ಮಸಿ ಕಕ್ಕಿತು. ಮಸಿಯೂ ಬೂದಿಯೂ ಸೇರಿ ಪೈಪಿನ ತಿರುವಿನಲ್ಲಿ ಕೂತವು. ಮೇಲೆ ಹೋಗಲು ದಾರಿ ಸಿಗದ ಹೊಗೆ ಅಡುಗೆಮನೆಗೇ ತಿರುಗಿತು. ಕಳಕವ್ವ ಮತ್ತೆ ಕೆಮ್ಮತೊಡಗಿದಳು. ಒಲೆ ಯಾಕೋ ಮುನಿದಿದೆ ಎಂದುಕೊಂಡು ಇನ್ನಷ್ಟು ಚೆನ್ನಾಗಿ ಸಾರಿಸಿದಳು. ಬೇಡ ತಾಯಿ, ಕೈ ತೆಗೆ ಎನ್ನಲು ನನಗೆ ಬಾಯಿ ಎಲ್ಲಿದೆ? ಇದ್ದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ. ಆ ಕೈ ನನಗೆ ಅಷ್ಟು ಬೇಕಾಗಿತ್ತು.

ಮದುವೆ ಹತ್ತಿರ ಬಂತು. ಒಂದು ಬೆಳಿಗ್ಗೆ ಕಳಕವ್ವ ಕೆಮ್ಮಿ ಕೆಮ್ಮಿ ಹೊಸ್ತಿಲ ಮೇಲೆ ಕುಸಿದು ಕೂತಳು. ಸುವರ್ಣಾ ಓಡಿ ಬಂದು ನನ್ನನ್ನು ಆರಿಸಿದಳು. ತಣ್ಣಗಾದ ಮೇಲೆ ಬಟ್ಟಲಿಗೆ ಕೈಹಾಕಿ ತಡವಿದಳು.

“ಅವ್ವಾ, ಇದನ್ನ ಸಾರಸ್ತಿಯೇನ?”

“ಮತ್ತ? ಸಾರಸಲಾರದ ಬೆಂಕಿ ಹಚ್ಚತಾರೇನ?”

“ಇದಕ್ಕ ನೀರ ಮುಟ್ಟಸಬಾರದವ್ವ. ನಿನ್ನ ಗಂಟಲಾ ನೀನ ಮುಚ್ಚಕೊಳ್ಳಾಕತ್ತಿ.”

ಅವತ್ತು ತಾಯಿ ಮಗಳು ಸೇರಿ ಮೊಳೆಯಿಂದ ನನ್ನ ತೂತುಗಳನ್ನೆಲ್ಲ ಬಿಡಿಸಿದರು. ಪೈಪು ಕಳಚಿ ಅಂಗಳದಲ್ಲಿ ಗೋಣಿಚೀಲದ ಮೇಲೆ ಮಲಗಿಸಿದರು. ಕೋಲಿಗೆ ತಂತಿ ಬ್ರಷ್ಷು ಕಟ್ಟಿ ಸುವರ್ಣಾ ಈ ಕಡೆಯಿಂದ ತಳ್ಳಿದಳು. ಆ ಕಡೆ ಬಗ್ಗಿ ಇಣುಕಿದ ಅಂದಾನಪ್ಪನ ಮುಖಕ್ಕೆ ಬೂದಿಯೆಲ್ಲ ಸುರಿಯಿತು. ಕಳಕವ್ವ ನಗಲು ಹೋಗಿ ಕೆಮ್ಮಿದಳು, ಕೆಮ್ಮುತ್ತಲೇ ನಕ್ಕಳು. ಅಲ್ಲಿಂದ ಮುಂದೆ ನನಗೆ ಬರೀ ಒಣ ಬ್ರಷ್ಷು. ಹೊಗೆ ನಿಂತಿತು, ಉಸಿರು ಸರಾಗವಾಯಿತು. ಕಳಕವ್ವ ಮಾತ್ರ ಮಡಿಯಲ್ಲಿರುವವರ ಎದುರು ನಿಂತಂತೆ ದೂರದಿಂದಲೇ ಕೈಮುಗಿದು ಬೆಂಕಿ ಹಚ್ಚುತ್ತಿದ್ದಳು. ಒಳ್ಳೆಯದೇ ಆಯಿತು ಎಂದುಕೊಳ್ಳುತ್ತಿದ್ದೆ. ಒಳಗೊಳಗೇ ಆ ಒದ್ದೆ ಕೈಗಾಗಿ ಹಂಬಲಿಸುತ್ತಿದ್ದೆ.

ಅರಿಷಿಣದ ದಿನ ನನ್ನ ಮೇಲೆ ಹೂರಣ ಬೇಯುತ್ತಿತ್ತು. ಹೆಂಗಸರು ತುಂಬಿದ್ದರು, ಮದುಮಗಳು ಮಣೆಯ ಮೇಲೆ ಕೂತಿದ್ದಳು. ಕಳಕವ್ವ ಅಡುಗೆಮನೆಯ ಬಾಗಿಲಿಗೇ ಒರಗಿ ಕೂತು ಗಂಟಲು ಸರಿಮಾಡಿಕೊಂಡಳು.

“ಆ ಫ್ಯಾನ ಬಂದ ಮಾಡ್ರಿ, ಹಾಡ ಕೇಳಂಗಿಲ್ಲ,” ಎಂದರು ಅಂದಾನಪ್ಪ.

“ಬ್ಯಾಡ್ರಿ. ಬಂದ ಮಾಡಿದ್ರ ಹೊಗಿ ಬರತೈತಿ,” ಎಂದಳು ಅವಳು.

ನಾನು ಭರ್ರೆಂದು ಊದುತ್ತಲೇ ಇದ್ದೆ. ಹಾಡಿನ ಮೊದಲ ಸಾಲು ನಡುವೆಯೇ ಮುರಿಯಿತು. ಅವಳು ಮತ್ತೆ ಎತ್ತಿಕೊಂಡಳು. ಈ ಸಲ ಬಂದದ್ದು ತಗ್ಗಿನ, ಒರಟು ದನಿ. ಸುವರ್ಣಾ ಅತ್ತುಬಿಟ್ಟಳು.

“ಇದು ನಿನ್ನ ದನಿ ಅಲ್ಲವ್ವ.”

“ನಂದ ಐತಿ. ಈಗ ಹಿಂಗೈತಿ, ಅಷ್ಟ.”

ಹಾಗೆಂದು ಬಹಳ ಹೊತ್ತು ಹಾಡಿದಳು. ನನ್ನ ಫ್ಯಾನಿನ ಸದ್ದಿನಲ್ಲಿ ನನಗೆ ಸಿಕ್ಕಿದ್ದು ಚೂರುಪಾರು ಮಾತ್ರ. ಮಗಳಿಗೆ ಅವಳು ಏನೆಂದು ಹಾಡಿದಳೋ ತಿಳಿಯಲೇ ಇಲ್ಲ.

ಸುವರ್ಣಾ ಇಳಕಲ್ಲಿಗೆ ಗಂಡನ ಮನೆಗೆ ಹೋದಳು. ಉಳಿದ ದನಿಯಾದರೂ ಉಳಿಯಲಿ ಎಂದು ಅಂದಾನಪ್ಪ ಖಾನಾವಳಿಯನ್ನೇ ಮುಚ್ಚಿದರು. ನನ್ನನ್ನು ಕುಷ್ಟಗಿಯ ಒಂದು ಹಾಸ್ಟೆಲ್ಲಿಗೆ ಕೊಟ್ಟರು. ಟೆಂಪೋಕ್ಕೆ ಹೇರುವಾಗ ಕಳಕವ್ವ ಪಾತ್ರೆ ತೊಳೆಯುವುದನ್ನು ಬಿಟ್ಟು ಎದ್ದು ಬಂದಳು. ಕೈಯನ್ನು ಸೆರಗಿಗೆ ಚೆನ್ನಾಗಿ ಒರೆಸಿ ಒಣಗಿಸಿಕೊಂಡಳು. ಆಮೇಲೆ ನನ್ನನ್ನು ಮುಟ್ಟಿದಳು.

ಹಾಸ್ಟೆಲ್ಲಿನ ಅಡುಗೆಯ ಯಮನೂರಪ್ಪನ ಮೇಲೆ ನನ್ನ ದೂರೇನೂ ಇಲ್ಲ. ಬೂದಿಯನ್ನು ಹೊತ್ತಿಗೆ ಸರಿಯಾಗಿ ತೆಗೆಯುತ್ತಿದ್ದ, ಪೈಪನ್ನು ತಟ್ಟಿ ಮಸಿ ಕೆಡವಿ ಬ್ರಷ್ಷು ಹಾಕುತ್ತಿದ್ದ. ಮಾತಿಲ್ಲ, ಕತೆಯಿಲ್ಲ. ಅವನ ಕೈಯಲ್ಲಿ ವರ್ಷಗಟ್ಟಲೆ ಸುಖವಾಗಿ ಉರಿದೆ, ಒಂದು ದಿನವೂ ನೆಮ್ಮದಿ ಅನ್ನಿಸಲಿಲ್ಲ.

ಈಗ ಫ್ಯಾನು ಸುಟ್ಟು ಹಿತ್ತಿಲಿನಲ್ಲಿ ಮುರಿದ ಮಂಚಗಳ ಪಕ್ಕ ನಿಂತಿದ್ದೇನೆ. ಗುಜರಿಯವನು ಬಂದು ಬಡಿದು ನೋಡಿ ಹೋಗಿದ್ದಾನೆ. ಹೋಗಲು ನನಗೇನೂ ಬೇಸರವಿಲ್ಲ. ಕಳಕವ್ವನ ಆ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಕೇಳಬೇಕಿತ್ತು, ಅಷ್ಟೇ. ಅವಳ ದನಿಗೆಂದೇ ಅಷ್ಟು ಸದ್ದು ಮಾಡಿದೆ, ಆ ಸದ್ದಿನಲ್ಲೇ ಅವಳ ಹಾಡು ನನಗೆ ತಪ್ಪಿತು. ಈಗ ನನ್ನಲ್ಲಿ ಸದ್ದೇ ಇಲ್ಲ. ಪಕ್ಕದ ಓಣಿಯಲ್ಲಿ ಮದುವೆಯಾದರೆ ಸೋಬಾನೆಯ ಒಂದೊಂದು ಅಕ್ಷರವೂ ಕೇಳಿಸುತ್ತದೆ. ಯಾರ್ಯಾರೋ ಹಾಡುತ್ತಾರೆ. ಅವಳಲ್ಲ.