ಜೋಡಿಗುಬ್ಬಿ ಪಾಲಿಶ್ ಯಾರದು?

ಮನೆಯ ಹಿಂದಿನ ಶೆಡ್ಡಿನಲ್ಲಿ ಬೂಟು ಪಾಲಿಶ್ ತಯಾರಿಸುವ ಅತ್ತೆ ಸೊಸೆಯರಿಗೆ ಒಂದು ಬೆಳಿಗ್ಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಬಂತು. ಕಳಿಸಿದವರು ದೊಡ್ಡ ಕಂಪನಿಯೊಂದರ ವಕೀಲರು. "ಜೋಡಿಗುಬ್ಬಿ ಎಂಬ ಹೆಸರು ಮತ್ತು ಚಿತ್ರ ನಮ್ಮ ನೋಂದಾಯಿತ ಟ್ರೇಡ್‌ಮಾರ್ಕ್. ಹದಿನೈದು ದಿನದೊಳಗೆ ನೀವು ಅದರ ಬಳಕೆ ನಿಲ್ಲಿಸಬೇಕು. ಇಲ್ಲವಾದರೆ ಕೋರ್ಟಿಗೆ ಹೋಗುತ್ತೇವೆ" ಎಂದು ಬರೆದಿತ್ತು.

ಮೇಣ ಕರಗಿತ್ತು. ಅತ್ತೆ ಒಲೆ ಆರಿಸಿ, ಪಾತ್ರೆಗೆ ಟರ್ಪೆಂಟೈನ್ ಸುರಿದು ಕಲಕಿ, ಆಮೇಲೆ ಪತ್ರದ ಕಡೆ ನೋಡಿದಳು.

"ಗುಬ್ಬಿ ಏನು ಅವರಪ್ಪನ ಮನೆ ಆಸ್ತಿನಾ? ಹನ್ನೊಂದು ವರ್ಷದಿಂದ ನಾವು ಮಾಡ್ತಿದೀವಿ. ಒಲೆಗೆ ಹಾಕು ಅದನ್ನ."

"ಒಲೆ ಆರಿಸಿದೀರಲ್ಲ ಅತ್ತೆ," ಎಂದಳು ಸೊಸೆ. ಪತ್ರ ಮಡಚಿಕೊಂಡು ಮಹಡಿ ಹತ್ತಿದಳು.

ಮಹಡಿಯಲ್ಲಿ ಬಾಡಿಗೆಗಿದ್ದವಳು ಇಪ್ಪತ್ತು ವರ್ಷದಿಂದ ಕೋರ್ಟಿನಲ್ಲಿ ತೀರ್ಪುಗಳನ್ನು ಟೈಪು ಮಾಡುವವಳು. ಬೀದಿಗೆಲ್ಲ ಅವಳು ಟೈಪಕ್ಕ. ಪತ್ರವನ್ನು ಎರಡು ಸಲ ಓದಿ ಸೊಸೆಯ ಜೊತೆಗೇ ಇಳಿದು ಬಂದಳು.

"ಒಲೆಗೆ ಹಾಕಿದ್ರೆ ಕಾಗದ ಸುಡುತ್ತೆ, ಗಡುವು ಸುಡಲ್ಲ. ನೀವು ಬಾಯಿ ಮುಚ್ಕೊಂಡು ಕೂತ್ರೆ ಕೋರ್ಟಿಗೆ ಅವರ ಮಾತು ಮಾತ್ರ ಕೇಳಿಸುತ್ತೆ."

"ಹಾಗಾದ್ರೆ ಹೆಸರು ಅವರಿಗೇ ಬಿಟ್ಬಿಡೋಣ," ಎಂದಳು ಅತ್ತೆ. "ಮೇಣ ನಮ್ಮದು, ಕೈ ನಮ್ಮದು. ಇನ್ನೊಂದು ಹಕ್ಕಿ ಇಟ್ಕೊಂಡ್ರಾಯ್ತು."

"ಅಂಗಡಿಗೆ ಬಂದವರು 'ಗುಬ್ಬಿ ಕೊಡಿ' ಅಂತಾರೆ ಅತ್ತೆ, 'ಪಾಲಿಶ್ ಕೊಡಿ' ಅನ್ನಲ್ಲ. ನಾಳೆಯಿಂದ ಅಂಗಡಿಯವನು ಕಂಪನಿ ಡಬ್ಬಿ ಎತ್ತಿ ಕೊಡ್ತಾನೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡ ಹಾಗೆ. ನಾವು ಕಾಗೆ ಇಟ್ಕೊಂಡು ಮತ್ತೆ ಹನ್ನೊಂದು ವರ್ಷ ಅಲೀಬೇಕು."

ಅತ್ತೆ ಕಲಕುವ ಕೋಲು ಕೆಳಗಿಟ್ಟಳು. ಅಂಗಡಿಯಿಂದ ಅಂಗಡಿಗೆ ಚೀಲ ಹೊತ್ತು ಅಲೆದವಳು ಅವಳೇ.

ಟೈಪಕ್ಕ ಸ್ಟೂಲು ಎಳೆದುಕೊಂಡು ಕೂತಳು. "ನೋಂದಣಿ ಮಾಡಿಸಿದವರ ಕೈ ಮೇಲೆ, ಅದು ನಿಜ. ಆದ್ರೆ ಅವರಿಗಿಂತ ಮೊದಲಿಂದ, ಬಿಡದೆ, ಅದೇ ಹೆಸರಲ್ಲಿ ಮಾರಿದವರಿಗೆ ನಮ್ಮ ಕಾನೂನು ರಕ್ಷಣೆ ಕೊಡುತ್ತೆ. ಈಚೆಗೆ ನಾನು ಟೈಪು ಮಾಡಿದ ತೀರ್ಪುಗಳಲ್ಲೂ ಅದೇ ಪ್ರಶ್ನೆ. ಯಾರು ದೊಡ್ಡವರು ಅಂತಲ್ಲ, ಯಾರು ಮೊದಲು ಅಂತ. ಈ ಕಂಪನಿ ಗುಬ್ಬಿ ಹೆಸರಲ್ಲಿ ಮಾರೋಕೆ ಶುರು ಮಾಡಿದ್ದು ಆರು ವರ್ಷದ ಹಿಂದೆ. ಪತ್ರದಲ್ಲಿ ಅವರೇ ಬರೆದಿದಾರೆ."

"ನಾವು ಹನ್ನೊಂದು. ಮುಗೀತಲ್ಲ," ಎಂದಳು ಅತ್ತೆ.

"ಬಾಯಲ್ಲಿ ಹೇಳಿದ್ರೆ ಮುಗಿಯಲ್ಲ. ಹಳೇ ಡಬ್ಬಿ ತೋರಿಸಿ."

ತೊಡಕು ಇದ್ದದ್ದು ಇಲ್ಲೇ. ಖಾಲಿ ಡಬ್ಬಿ ತಂದುಕೊಟ್ಟ ಗಿರಾಕಿಗೆ ಹೊಸದು ಅಗ್ಗವಾಗಿ ಸಿಗುತ್ತಿತ್ತು. ಬಂದ ಡಬ್ಬಿಗಳನ್ನು ಅತ್ತೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ನೆನೆಹಾಕಿ, ಮುಚ್ಚಳದ ಚೀಟಿಯನ್ನು ಚೂರೂ ಉಳಿಯದಂತೆ ಕೆರೆದು ಒಲೆಗೆ ಹಾಕುತ್ತಿದ್ದಳು. ಹಳೇ ಚೀಟಿಯ ಮೇಲೆ ಹೊಸದು ಅಂಟಿಸಿದರೆ ಕಳ್ಳ ಮಾಲು ಅನ್ನುತ್ತಾರೆ ಎಂಬುದು ಅವಳ ನಿಯಮ. ವ್ಯಾಪಾರವೆಲ್ಲ ಕೈಯಿಂದ ಕೈಗೆ, ರಸೀದಿ ಇರಲಿಲ್ಲ. ಮನೆಯಲ್ಲಿ ಹಳೆಯ ಚೀಟಿ ಒಂದೂ ಸಿಗಲಿಲ್ಲ.

"ತೊಳೆದೂ ತೊಳೆದೂ ಸಾಕ್ಷೀನೇ ತೊಳೆದುಬಿಟ್ರಿ," ಎಂದಳು ಟೈಪಕ್ಕ.

"ಕೊಳಕಾಗಿ ಇಟ್ಕೊಂಡಿದ್ರೆ ಗೆಲ್ತಿದ್ದೆವು ಅಂತೀಯಾ?"

"ಅಂತೀನಿ."

ಮರುದಿನ ಅತ್ತೆಯೇ ಮುಂದಾಗಿ ಹೊರಟಳು. ಯಾರ್ಯಾರು ಡಬ್ಬಿ ವಾಪಸು ಕೊಟ್ಟಿಲ್ಲ ಎಂಬುದು ಅವಳಿಗೆ ಬಾಯಿಪಾಠ. ರೈಲು ನಿಲ್ದಾಣದ ಮೆಟ್ಟಿಲ ಬಳಿ ಚಪ್ಪಲಿ ಹೊಲಿಯುವವನ ಮುಂದೆ ನಿಂತಳು. ಅವನ ಮೊಳೆಗಳಿದ್ದದ್ದು ಗುಬ್ಬಿ ಡಬ್ಬಿಯಲ್ಲಿ.

"ಬೈಯೋದಾದ್ರೆ ಕೂತ್ಕೊಂಡು ಬೈಯಿರಿ ಅಕ್ಕ. ಒಂಬತ್ತು ವರ್ಷದಿಂದ ನಿಂತೇ ಬೈತಿದೀರಿ."

"ಬೈಯಲ್ಲ ಮಾರಾಯ. ಮೊಳೆ ಸುರ್ಕೊಂಡು ಡಬ್ಬಿ ಕೊಡು. ಹೊಸದು ಎರಡು ಕೊಡ್ತೀನಿ."

ಅವನು ಅನುಮಾನದಿಂದಲೇ ಕೊಟ್ಟ. ಮುಚ್ಚಳದ ಚೀಟಿ ಮಾಸಿತ್ತು, ಎರಡು ಬಾಲ, ಒಂದು ಕೊಕ್ಕು ಉಳಿದಿದ್ದವು. ಜೊತೆಗೆ ಬಂದಿದ್ದ ಟೈಪಕ್ಕ ಅದನ್ನು ತಿರುಗಿಸಿ ನೋಡಿದಳು. "ಗುಬ್ಬಿ ಇದೆ, ತಾರೀಖು ಇಲ್ಲ. ಇದೊಂದೇ ಸಾಲದು. ಚೀಟಿ ಅಚ್ಚು ಹಾಕಿಸಿದ್ದೆಲ್ಲಿ?"

ಅಚ್ಚಿನ ಮನೆಯವನು ತಾನು ಮುದ್ರಿಸಿದ ಪ್ರತಿಯೊಂದರ ಒಂದು ಮಾದರಿಯನ್ನು ದೊಡ್ಡ ಪುಸ್ತಕಕ್ಕೆ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆದಿಡುವ ಮನುಷ್ಯ. ಧೂಳು ಹೊಡೆದು ಪುಟ ತಿರುಗಿಸಿದ. ಹನ್ನೊಂದು ವರ್ಷದ ಹಿಂದಿನ ಹಾಳೆಯಲ್ಲಿ ಜೋಡಿಗುಬ್ಬಿ ಇತ್ತು. ಮುಂದಿನ ಪ್ರತಿ ವರ್ಷದ ಹಾಳೆಗಳಲ್ಲೂ ಇತ್ತು. ಅತ್ತೆ ಆ ಮೊದಲ ಚೀಟಿಯ ಮೇಲೆ ಬೆರಳಿಟ್ಟು ಪಕ್ಕದ ತಾರೀಖನ್ನು ಗಟ್ಟಿಯಾಗಿ ಓದಿದಳು.

ಟೈಪಕ್ಕ ಪರಿಚಯಿಸಿದ ಕಾನೂನು ನೆರವು ಕೇಂದ್ರದ ವಕೀಲರು ಹದಿಮೂರನೆಯ ದಿನ ಕಂಪನಿಗೆ ಉತ್ತರ ಕಳಿಸಿದರು. ಜೊತೆಗೆ ಪುಸ್ತಕದ ಪ್ರತಿಗಳು, ಚಪ್ಪಲಿ ಹೊಲಿಯುವವನ ಮತ್ತು ಇಬ್ಬರು ಅಂಗಡಿಯವರ ಪ್ರಮಾಣ ಮಾಡಿ ಬರೆದ ಹೇಳಿಕೆಗಳು. ಆದರೂ ಕಂಪನಿ ಕೋರ್ಟಿಗೆ ಹೋಗಿ, ಮಾರಾಟಕ್ಕೆ ತಕ್ಷಣ ತಡೆ ಕೇಳಿತು. ನ್ಯಾಯಾಧೀಶರು ಅಚ್ಚಿನ ಮನೆಯ ಪುಸ್ತಕವನ್ನು ತರಿಸಿ ನೋಡಿದರು. ತಡೆ ಕೊಡಲಿಲ್ಲ. ಮೊಕದ್ದಮೆ ಇನ್ನೂ ನಡೆಯುತ್ತಿದೆ, ಪಾಲಿಶೂ ಮಾರಾಟವಾಗುತ್ತಿದೆ.

ನ್ಯಾಯಾಧೀಶರು ತಡೆ ನಿರಾಕರಿಸಿದ ದಿನ ಕೋರ್ಟಿನ ಮೆಟ್ಟಿಲಿಳಿಯುವಾಗ ಸೊಸೆ, ತಾನು ಹೊಸದಾಗಿ ರೂಪಿಸಿದ ಮುಚ್ಚಳದ ಮಾತು ತೆಗೆದಳು. ಒಂದೇ ಬೆರಳಿಗೆ ತೆರೆಯುವ ಮುಚ್ಚಳ ಅದು. "ಮುಂದಿನ ತಿಂಗಳ ಪ್ರದರ್ಶನದಲ್ಲಿ ಎಲ್ಲರಿಗೂ ತೋರಿಸ್ತೀನಿ. ಮೊದಲು ಮಾಡಿದ್ದು ನಾನೇ ಅಂತ ಸಾಕ್ಷಿ ಆಗುತ್ತೆ."

"ಬೇಡ," ಎಂದಳು ಟೈಪಕ್ಕ. "ಅದು ಪೇಟೆಂಟಿನ ವಿಷಯ, ಲೆಕ್ಕ ತಿರುಗುಮುರುಗು. ಹೆಸರನ್ನ ಮೊದಲೇ ಹತ್ತು ಜನಕ್ಕೆ ತೋರಿಸಿದ್ದು ಬಲ. ಹೊಸ ಉಪಾಯನ ಅರ್ಜಿ ಹಾಕೋ ಮೊದಲೇ ತೋರಿಸಿದ್ರೆ, 'ಇದು ಆಗಲೇ ಎಲ್ಲರಿಗೂ ಗೊತ್ತಿತ್ತಲ್ಲ' ಅಂತ ಪೇಟೆಂಟ್ ಕೈತಪ್ಪಬಹುದು."

ಸೊಸೆ ಏನೋ ಹೇಳಹೊರಟಳು. ಅತ್ತೆ ತಡೆದಳು. "ಅರ್ಜಿ ಹಾಕೋವರೆಗೂ ಆ ಮುಚ್ಚಳ ನನ್ನ ಪೆಟ್ಟಿಗೇಲಿರುತ್ತೆ. ಬೀಗದ ಕೈ ಕೇಳ್ಬೇಡ."

ಓದುಗರೇ, ನೀವು ಸಾಬೂನು ಮಾಡುತ್ತಿರಬಹುದು, ಚೀಲ ಹೊಲಿಯುತ್ತಿರಬಹುದು. ಸರಕಿಗೊಂದು ಹೆಸರಿಟ್ಟಿದ್ದರೆ ಅದನ್ನು ನೋಂದಣಿ ಮಾಡಿಸಿ. ಪ್ರತಿ ಸಲ ಅಚ್ಚಾದ ಚೀಟಿಯಲ್ಲಿ ಒಂದನ್ನು ತಾರೀಖು ಬರೆದು ತೆಗೆದಿಡಿ, ರಸೀದಿ ಕೊಡಿ, ನಕಲು ಇಟ್ಟುಕೊಳ್ಳಿ. ಹೊಸದೇನಾದರೂ ಕಂಡುಹಿಡಿದಿದ್ದರೆ ಯಾರಿಗೂ ತೋರಿಸುವ ಮೊದಲು ಬಲ್ಲವರನ್ನು ಕೇಳಿ. ವಕೀಲರ ಪತ್ರ ಬಂದರೆ ಹೆದರಬೇಡಿ, ಹರಿಯಲೂ ಬೇಡಿ. ಗಡುವಿನೊಳಗೆ ಕಾನೂನು ನೆರವು ಕೇಂದ್ರಕ್ಕೆ ಹೋಗಿ. ಹೆಸರು ನಿಮ್ಮದೆಂದು ನಿಮಗೆ ಗೊತ್ತು. ಗೊತ್ತಿಲ್ಲದವರಿಗೆ ತೋರಿಸಲು ನಿಮ್ಮ ಹತ್ತಿರ ಏನಿದೆ? ಇವತ್ತೇ ಹುಡುಕಿ ನೋಡಿ.