ಸಣ್ಣೇಗೌಡರು ಬಿಗಿದ ನಟ್ಟು

ಪುಟ್ಟರಾಜು ಬಿಚ್ಚಲಾಗದ ನಟ್ಟು ಹಾಸನ ಜಿಲ್ಲೆಯ ಎಂಟೂ ತಾಲ್ಲೂಕುಗಳಲ್ಲಿ ಇನ್ನೂ ಹುಟ್ಟಿರಲಿಲ್ಲ. ಚನ್ನರಾಯಪಟ್ಟಣದ ಬೈಪಾಸಿನ ಶೆಡ್ಡಿನಲ್ಲಿ ಅವನು ಸ್ಪ್ಯಾನರ್ ಕೈಗೆತ್ತಿಕೊಂಡರೆ ಸಾಕು, ಅರಕಲಗೂಡಿನಲ್ಲಿ ನಿಂತ ಲಾರಿಗಳ ಬೋಲ್ಟುಗಳು ತಾವಾಗಿಯೇ ಅರ್ಧ ಸುತ್ತು ಸಡಿಲಗೊಳ್ಳುತ್ತಿದ್ದವು. ಹೊಳೆನರಸೀಪುರದ ಡ್ರೈವರುಗಳು ಆ ಹೊತ್ತಿನಲ್ಲಿ ಗಾಡಿ ತೆಗೆಯಲು ಹೆದರುತ್ತಿದ್ದರು. ಇದರಲ್ಲಿ ಸುಳ್ಳೆಂದರೆ ಕಾಲು ಭಾಗ ಇರಬಹುದು, ಅದಕ್ಕಿಂತ ಹೆಚ್ಚಿಲ್ಲ.

ಅಂಥವನ ಶೆಡ್ಡಿಗೆ ಸೋಮವಾರ ಬೆಳಿಗ್ಗೆ ಅರಕಲಗೂಡಿನ ಬಸವೇಶನ ಲಾರಿ ಕುಂಟುತ್ತಾ ಬಂತು. ಹಿಂದಿನ ಚಕ್ರದ ಬೇರಿಂಗ್ ಪುಡಿಯಾಗಿತ್ತು. ಅದನ್ನು ತೆಗೆಯಬೇಕಾದರೆ ಆಕ್ಸಲ್ಲಿನ ತುದಿಯಲ್ಲಿ ಕೂತಿದ್ದ, ಅಂಗೈಯಗಲದ ಹಬ್ ನಟ್ಟು ಬಿಚ್ಚಬೇಕು.

“ಕಾಫಿ ಕುಡ್ಕೊಂಡ್ ಬಾ. ಅಷ್ಟ್ರಲ್ಲಿ ಬಿಚ್ಚಿಟ್ಟಿರ್ತೀನಿ,” ಎಂದ ಪುಟ್ಟರಾಜು.

ಬಸವೇಶ ಕಾಫಿ ಕುಡಿದ. ತಿಂಡಿ ತಿಂದ. ಊಟವನ್ನೂ ಮಾಡಿ ಬಂದ. ನಟ್ಟು ಕೂತಲ್ಲಿಂದ ಒಂದು ಕೂದಲೆಳೆಯಷ್ಟೂ ಅಲ್ಲಾಡಿರಲಿಲ್ಲ. ನಟ್ಟು ಸಡಿಲವಾಗದಂತೆ ಅದರ ಅಂಚಿಗೆ ಪಂಚ್ ಎಂಬ ಮೊಂಡು ಉಳಿಯಿಂದ ಒಂದೇಟು ಹೊಡೆದು ತಗ್ಗಿಸುವುದು ರೂಢಿ. ಆ ತಗ್ಗನ್ನು ಪುಟ್ಟರಾಜು ಮೊದಲೇ ಎಬ್ಬಿಸಿದ್ದ. ಸೀಮೆಎಣ್ಣೆ ಕುಡಿಸಿದ್ದ. ಏರ್ ಗನ್ನು ಗರಗರ ಅಂದು ಬಿಸಿಯಾಗಿ ಸುಮ್ಮನಾಯಿತು. ಕೊನೆಗೆ ಸ್ಪ್ಯಾನರಿಗೆ ಆರಡಿ ಪೈಪು ತೂರಿಸಿ ಐದು ಜನ ಜೋತುಬಿದ್ದರು. ಪೈಪು ಬಿಲ್ಲಿನಂತೆ ಬಾಗಿತು. ಆ ಬಿಲ್ಲಿಗೆ ಬಾಣ ಹೂಡಿದ್ದರೆ ಶ್ರವಣಬೆಳಗೊಳದ ಎರಡೂ ಬೆಟ್ಟ ದಾಟುತ್ತಿತ್ತು.

“ಕುಯ್ದ್ಬುಡು ಪುಟ್ರಾಜಣ್ಣ, ಗ್ಯಾಸ್ ಹಚ್ಚು,” ಎಂದ ಬಸವೇಶ.

“ಕುಯ್ದ್ರೆ ತ್ರೆಡ್ಡು ಓಯ್ತದೆ. ತ್ರೆಡ್ಡು ಓದ್ರೆ ಆಕ್ಸಲ್ಲೇ ಓಯ್ತು ಕಣಪ್ಪ.”

“ಹಂಗಾರೆ ಹಾಸನಕ್ಕೆ ಎಳ್ಕೊಂಡ್ ಓಯ್ತೀನಿ.”

ಪುಟ್ಟರಾಜುವಿಗೆ ಎದೆಗೆ ಸುತ್ತಿಗೆ ಬಿದ್ದಂತಾಯಿತು. ಅವನ ಕೈಗೆ ಬಂದ ಆಕ್ಸಲ್ಲು ಇನ್ನೊಬ್ಬರ ಕೈಗೆ ಹೋದದ್ದೇ ಇಲ್ಲ. ಇದೊಂದು ಹೋದರೆ ಸಂಜೆಯೊಳಗೆ ಬೈಪಾಸಿನ ಅಷ್ಟೂ ಹೋಟೆಲುಗಳಲ್ಲಿ ಸುದ್ದಿ. ನಾಳೆಯಿಂದ ಅವನು ಪಂಚರ್ ಹಾಕಿಕೊಂಡಿರಬೇಕು.

ಅಷ್ಟರಲ್ಲಿ ಹೆಂಡತಿ ಅನುಶ್ರೀ ಶೆಡ್ಡಿನ ಹಿಂದಿನ ಮನೆಯಿಂದ ಬಂದು ಹೇಳಿದಳು: “ಅಪ್ಪಂಗೆ ಫೋನ್ ಮಾಡಿದೀನಿ. ಬಸ್ ಅತ್ತವ್ರೆ.”

“ಯಾರ್ ಕೇಳಿದ್ರೇ ನಿನ್ನ?”

“ನಟ್ಟು ಕೇಳ್ತು,” ಎಂದು ಅವಳು ಒಳಗೆ ಹೋದಳು.

ಅವಳ ಅಪ್ಪ ಸಣ್ಣೇಗೌಡರು ಈ ಶೆಡ್ಡು ಕಟ್ಟಿದವರು. ಅಳಿಯನಿಗೆ ಬಿಟ್ಟುಕೊಟ್ಟು ಹಿರೀಸಾವೆಯ ಹೊಲ ಸೇರಿ ಹನ್ನೊಂದು ವರ್ಷವಾಗಿತ್ತು. ಅಂದಿನಿಂದ ಅಳಿಯನ ಕೆಲಸದ ಬಗ್ಗೆ ಒಳ್ಳೆಯದು ಕೆಟ್ಟದ್ದು ಒಂದು ಮಾತೂ ಆಡಿರಲಿಲ್ಲ. ಬಂದಾಗಲೆಲ್ಲ ಬೀಗರ ಮನೆಗೆ ಬಂದವರಂತೆ ಬಹುವಚನದಲ್ಲಿ ಯೋಗಕ್ಷೇಮ ವಿಚಾರಿಸಿ ಹೊರಟುಬಿಡುವರು.

ಮೂರು ಗಂಟೆಗೆ ಬಂದರು. ಆಳು ಮೊಳದುದ್ದ, ತೂಕ ನಲವತ್ತೈದು ಕೆಜಿ, ಅದರಲ್ಲಿ ಮೀಸೆಯೇ ಐದು ಕೆಜಿ. ಲಾರಿಯ ಸುತ್ತ ಒಂದು ಸುತ್ತು ಹಾಕಿ ನಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತರು.

“ಏನ್ ಅಳಿಮಯ್ಯ, ಚೆನ್ನಾಗಿದ್ದೀರಾ?” ಎಂದರು. ಆಮೇಲೆ ಬಸವೇಶನ ಕಡೆ ತಿರುಗಿ, “ನಿಮ್ಮಪ್ಪನ ಲಾರಿ ಅಲ್ವೇನ್ಲಾ ಇದು? ಹದ್ನಾರು ವರ್ಷದ ಹಿಂದೆ ಇದನ್ನ ಬಿಗಿದೋನು ನಾನೇ. ಈ ಕಡೆ ಚಕ್ರ ಅವತ್ತಿಂದ ಬಾಯಿ ಬಿಟ್ಟಿಲ್ಲ ಅನ್ನು!”

ಹದಿನಾರು ವರ್ಷ! ಐದು ಜನರ ಬಲವನ್ನು ಕುಡಿದು ಕೂತಿದ್ದು ಈ ಬಡಕಲು ತೋಳಿನ ಬಿಗಿತವೇ? ಪುಟ್ಟರಾಜು ಮಾವನ ಕೈಯನ್ನು ಮೊದಲ ಸಲ ಕಂಡವನಂತೆ ನೋಡಿದ.

ಸಣ್ಣೇಗೌಡರು ನಟ್ಟಿನ ಮೇಲಿನ ಗಟ್ಟಿ ಗ್ರೀಸನ್ನು ಉಗುರಿನಿಂದ ಕೆರೆದು, ಕೆಳಬದಿಗೆ ಬೆರಳು ತೂರಿಸಿ ತಡಕಿದರು. “ಅಗಾ. ಇಲ್ಲೇ ಅವ್ನೆ.”

ಪುಟ್ಟರಾಜು ಬಗ್ಗಿ ಟಾರ್ಚ್ ಬಿಟ್ಟ. ಯಾರ ಕಣ್ಣಿಗೂ ಬೀಳದ ಅಡಿಯಲ್ಲಿ, ಪಂಚ್‌ನ ಇನ್ನೊಂದು ಏಟು.

“ಎಲ್ರೂ ಒಂದೇ ಏಟು ಒಡೆಯದಲ್ವಾ ಮಾವ?”

“ಒಂದು ಲಾರಿಗೆ. ಇನ್ನೊಂದು ನನ್ ನಿದ್ದೆಗೆ. ಎಬ್ಬಿಸಿ ಅದನ್ನ.”

ಪುಟ್ಟರಾಜು ಉಳಿಯಿಟ್ಟು ಎಬ್ಬಿಸಿ, ಪೈಪಿಗೆ ಕೈ ಹಾಕಿದ.

“ಊಹೂಂ. ಮೊದ್ಲು ಬಿಗೀರಿ.”

“ಬಿಗಿಯದಾ?”

“ಬೆಳಗಿಂದ ಬಾ ಬಾ ಅಂತ ಎಳೆದ್ರಲ್ಲ, ಬಂತಾ? ತುಕ್ಕು ಆ ಕಡೆಗೇ ಕಾಲು ಕೊಟ್ಕೊಂಡು ನಿಂತದೆ. ಒಂದ್ ಗೋಧಿಯಷ್ಟು ಈ ಕಡೆ ತಳ್ಳಿ, ಕಾಲು ಜಾರ್ತದೆ.”

ಪುಟ್ಟರಾಜು ಉಸಿರು ಹಿಡಿದು ಬಿಗಿಯುವ ಕಡೆಗೆ ತಳ್ಳಿದ. ಮಾವ ಸಣ್ಣ ಸುತ್ತಿಗೆಯಲ್ಲಿ ನಟ್ಟಿನ ಮುಖಗಳ ಮೇಲೆ ಒಂದೊಂದಾಗಿ ತಟ್ಟುತ್ತಾ ಹೋದರು. ನಾಲ್ಕನೆಯ ಸುತ್ತು ಮುಗಿಯುವಾಗ ಒಳಗೆಲ್ಲೋ ‘ಟಕ್’ ಎಂದಿತು. ಆ ಸದ್ದಿಗೆ ಬೈಪಾಸಿನಲ್ಲಿ ಹೋಗುತ್ತಿದ್ದ ಮೂರು ಬಸ್ಸು ಬ್ರೇಕ್ ಹಾಕಿದವು ಎನ್ನುತ್ತಾರೆ. ನಾಲ್ಕು ಎನ್ನುವವರೂ ಇದ್ದಾರೆ.

“ಈಗ ಬಿಚ್ಚಿ. ಒಂದ್ ಕೈ ಸಾಕು.”

ಒಂದು ಕೈ ಸಾಕಾಯಿತು. ನಟ್ಟು ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿ ಅಂಗೈಗೆ ಬಂತು. ತುಕ್ಕೆಲ್ಲ ಹೊರಗಿನ ಎರಡು ಸುತ್ತುಗಳಲ್ಲಿ ಮಾತ್ರ. ಒಳಗಿನ ತ್ರೆಡ್ಡು ಹೊಸ ಬೆಳ್ಳಿಯ ಕಾಲುಂಗುರದ ಹಾಗೆ ಹೊಳೆಯುತ್ತಿತ್ತು, ಮಾವ ಹಚ್ಚಿದ ಗ್ರೀಸು ಇನ್ನೂ ಜೇನಿನ ಬಣ್ಣದಲ್ಲಿತ್ತು. ಬಸವೇಶ ಚಪ್ಪಲಿ ಬಿಟ್ಟು ನೋಡಿದ.

ಹೊಸ ಬೇರಿಂಗ್ ಕೂತಿತು. ಇನ್ನು ಬಿಗಿಯಬೇಕು. ಪುಟ್ಟರಾಜು ಪೈಪನ್ನು ಮಾವನತ್ತ ಚಾಚಿದ. ಅವರು ಕೈ ಹಿಂದೆ ಕಟ್ಟಿಕೊಂಡರು.

ಅವನೇ ಬಿಗಿದ. ಚಕ್ರವನ್ನು ತಿರುಗಿಸಿ ನೋಡುತ್ತಾ, ಅಳತೆಯಿಟ್ಟು ಬಿಗಿದ. ಪಂಚ್ ಇಟ್ಟು ಮೇಲೊಂದು ಏಟು ಹೊಡೆದ. ಒಂದು ಗಳಿಗೆ ನಿಂತ. ಆಮೇಲೆ ನೆಲದ ಮೇಲೆ ಅಂಗಾತ ಮಲಗಿ, ಅಡಿಯಲ್ಲಿ ಇನ್ನೊಂದು ಹೊಡೆದ.

ಸಣ್ಣೇಗೌಡರು ಪಂಚೆ ಎತ್ತಿಕಟ್ಟಿ, ಬಿಚ್ಚುವ ಕಡೆಗೆ ಪೈಪಿಗೆ ಪೂರಾ ಜೋತುಬಿದ್ದರು. ಕಾಲುಗಳು ನೆಲ ಬಿಟ್ಟವು. ಮೀಸೆ ನಡುಗಿತು. ನಟ್ಟು ಅಲ್ಲಾಡಲಿಲ್ಲ.

ಅವರು ಇಳಿದು ಕೈ ಕೊಡವಿಕೊಂಡು, ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಬಹುವಚನ ಬಿಟ್ಟರು. “ಲೋ ಪುಟ್ರಾಜ, ನಾನೇ ಬಿಗ್ದಂಗದೆ ಕಣ್ಲಾ!”

ಪುಟ್ಟರಾಜು ಗ್ರೀಸು ಮೆತ್ತಿದ ಕೈಯಲ್ಲೇ ಮುಖ ಒರೆಸಿಕೊಂಡ. ಬಸವೇಶ ಮಾತ್ರ ಗಾಬರಿಯಾಗಿ ನಟ್ಟನ್ನೂ ಇಬ್ಬರನ್ನೂ ನೋಡಿದ.

“ಅಲ್ಲ ಗೌಡ್ರೆ, ಮುಂದೆ ಇದನ್ನ ಬಿಚ್ಚೋರ್ ಯಾರು?”

ಮಾವ ಅಳಿಯನ ಮುಖ ನೋಡಿದರು, ಅಳಿಯ ಮಾವನ ಮುಖ ನೋಡಿದ.